ನೊರೆ ನಿಂತ ಮೇಲೆ ಶುರುವಾಗೋ ವಿಜ್ಞಾನ

ಯಾವ ಊರಿನ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾದರೂ ಹೋಗಿ, ಅಲ್ಲೊಂದು ಜ್ವಾಲಾಮುಖಿ ಇದ್ದೇ ಇರುತ್ತೆ. ಥರ್ಮಾಕೋಲ್ ಮೇಲೆ ಮಣ್ಣು ಮೆತ್ತಿ ಮಾಡಿದ ಬೆಟ್ಟ, ಅದರ ಹೊಟ್ಟೆಯೊಳಗೆ ಪುಟ್ಟ ಬಾಟಲಿ, ಬಾಟಲಿಯಲ್ಲಿ ಕೆಂಪು ಬಣ್ಣ ಕಲಸಿದ ವಿನೆಗರ್. ಮಗು ಒಂದು ಚಮಚ ಅಡುಗೆ ಸೋಡಾ ಹಾಕುತ್ತೆ, ಬುಸ್ ಅಂತ ನೊರೆ ಉಕ್ಕುತ್ತೆ, ಅಪ್ಪ-ಅಮ್ಮ ವಿಡಿಯೋ ತೆಗೀತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹತ್ತು ಸೆಕೆಂಡಿನಲ್ಲಿ ನೊರೆ ನಿಲ್ಲುತ್ತೆ. ಜನ ಪಕ್ಕದ ಟೇಬಲ್ಲಿಗೆ ಹೋಗ್ತಾರೆ.

ಆಟ ನಿಜವಾಗಿ ಶುರುವಾಗಬೇಕಿದ್ದದ್ದು ಅಲ್ಲಿಂದ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ನೊರೆ ಯಾಕೆ ನಿಂತಿತು? ಸೋಡಾ ಮುಗಿದು ಹೋಯ್ತಾ, ವಿನೆಗರ್ ಮುಗಿದು ಹೋಯ್ತಾ? ಗೊತ್ತು ಮಾಡಿಕೊಳ್ಳೋದು ಹೇಗೆ? ಈ ಮೂರು ಪ್ರಶ್ನೆ ಕೇಳಿದರೆ ಒಂದು ಇಡೀ ಭಾನುವಾರ ಕಳೆಯಬಹುದು. ಕೇಳದೇ ಹೋದರೆ ಅದು ಪಟಾಕಿ ಹಚ್ಚಿದ ಹಾಗೆ, ಅಷ್ಟೇ.

ನನ್ನ ಅಕ್ಕ ಇರೋದು ಶ್ರೀನಿವಾಸಪುರದಲ್ಲಿ. ಅವಳ ಮಗಳು ಏಳನೇ ಕ್ಲಾಸು. ವಾರವಿಡೀ ವೈಟ್‌ಫೀಲ್ಡ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಊರಿಗೆ ಹೋದಾಗ ಅವಳ ನೋಟ್‌ಬುಕ್ ತಿರುವಿ ಹಾಕೋದು ನನಗೆ ಅಭ್ಯಾಸ. "ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದಾಗ ಲವಣ ಮತ್ತು ನೀರು ಉಂಟಾಗುತ್ತದೆ" ಅಂತ ದುಂಡಗೆ ಬರೆದಿದ್ದಳು. ಪಕ್ಕದಲ್ಲಿ ಕೆಂಪು ಟಿಕ್, ಪೂರ್ತಿ ಮಾರ್ಕ್ಸು.

"ಇದನ್ನ ಮಾಡಿ ನೋಡಿದೀಯಾ?" ಅಂದೆ.

"ಬರೆದಾಯ್ತಲ್ಲ ಮಾಮ, ಇನ್ನೇನು ನೋಡೋದು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು, "ನಂಗೆ ಸೈನ್ಸ್ ಬರಲ್ಲ. ಬಾಯಿಪಾಠ ಮಾಡ್ತೀನಿ, ಅಷ್ಟೇ."

ಹನ್ನೆರಡು ವರ್ಷದ ಹುಡುಗಿ, ಒಳ್ಳೆ ಮಾರ್ಕ್ಸ್ ತಗೊಳ್ಳೋಳು, ತನಗೆ ಇದು ಬರಲ್ಲ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಯಾವ ಕಾಂಬಿನೇಷನ್ ಅಂತ ಮನೆಯವರೆಲ್ಲ ಕೂತು ಚರ್ಚೆ ಮಾಡ್ತೀವಲ್ಲ, ಆ ನಿರ್ಧಾರ ಎಷ್ಟೋ ಮಕ್ಕಳ ಮಟ್ಟಿಗೆ ಏಳನೇ ಕ್ಲಾಸಿನಲ್ಲೇ ಆಗಿಹೋಗಿರುತ್ತೆ. ಅದಕ್ಕೇ ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಅಕ್ಕನ ಅಡುಗೆಮನೆಯಲ್ಲಿ ಕೆಲವು ಪ್ರಯೋಗ ಮಾಡಿದೆವು. ಆನ್‌ಲೈನ್ ಕಿಟ್ ತರಿಸಲಿಲ್ಲ. ಕೋಲಾರದ ಕಡೆ ಮನೆಗಳಲ್ಲಿ ಇರೋ ಸಾಮಾನೇ ಸಾಕಾಯ್ತು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ಮಾಡೋಕೆ ಮುಂಚೆ ಏನಾಗಬಹುದು ಅಂತ ಬರೆದಿಡಬೇಕು. ಕೋಡ್‌ನಲ್ಲಿ ಬಗ್ ಹುಡುಕೋವಾಗ ನಾವು ದಿನಾ ಮಾಡೋದು ಇದನ್ನೇ ತಾನೆ?

ಮುಗಿದದ್ದು ಯಾವುದು?

ಒಂದು ಲೋಟದಲ್ಲಿ ಎರಡು ಟೀ ಚಮಚ ನಿಂಬೆರಸ ಹಾಕಿ, ಅರ್ಧ ಚಮಚ ಅಡುಗೆ ಸೋಡಾ ಸುರಿಯಿರಿ. ನೊರೆ ಬರಲಿ, ನಿಲ್ಲಲಿ. ಲೋಟದ ತಳ ಮುಟ್ಟಿ ನೋಡೋಕೆ ಮಗುಗೆ ಹೇಳಿ, ತಣ್ಣಗಾಗಿರುತ್ತೆ. ಈ ಪ್ರತಿಕ್ರಿಯೆ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತೆ. ಬುಸ್ ಅಂತ ಉಕ್ಕೋದೆಲ್ಲ ಬಿಸಿ ಇರಬೇಕು ಅಂದುಕೊಂಡಿದ್ದ ಮಗುಗೆ ಇದು ಮೊದಲನೇ ಆಶ್ಚರ್ಯ.

ಈಗ ಉಳಿದ ದ್ರಾವಣವನ್ನು ಚೆನ್ನಾಗಿ ಕಲಕಿ ಎರಡು ಬಟ್ಟಲಿಗೆ ಹಂಚಿ. ಒಂದಕ್ಕೆ ಚಿಟಿಕೆ ಸೋಡಾ, ಇನ್ನೊಂದಕ್ಕೆ ನಾಲ್ಕು ಹನಿ ನಿಂಬೆರಸ. ಎರಡನೇ ಬಟ್ಟಲಿನಲ್ಲಿ ಮತ್ತೆ ಗುಳ್ಳೆ ಏಳುತ್ತೆ, ಮೊದಲನೆಯದು ಸುಮ್ಮನಿರುತ್ತೆ. ಹಾಗಿದ್ರೆ ಮುಗಿದದ್ದು ನಿಂಬೆರಸ, ಉಳಿದದ್ದು ಸೋಡಾ. ಇನ್ನೊಂದು ಲೋಟದಲ್ಲಿ ಒಂದು ಇಡೀ ನಿಂಬೆಹಣ್ಣಿನ ರಸಕ್ಕೆ ಬರೀ ಒಂದು ಚಿಟಿಕೆ ಸೋಡಾ ಹಾಕಿ ಇದೇ ಪರೀಕ್ಷೆ ಮಾಡಿ. ಈ ಸಲ ಫಲಿತಾಂಶ ತಿರುಗಾ ಮುರುಗಾ.

ನಮ್ಮ ಹುಡುಗಿ ಎರಡು ಬಟ್ಟಲನ್ನೂ ನೋಡಿ, "ಅಂದ್ರೆ ದೋಸೆ ಹಿಟ್ಟು ಮಿಕ್ಕಿದೆ, ಚಟ್ನಿ ಖಾಲಿ ಆಗಿದೆ, ಹಂಗಾ ಮಾಮ?" ಅಂದಳು. ಪಿಯುಸಿ ರಸಾಯನಶಾಸ್ತ್ರದಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ, ಲೆಕ್ಕಗಳಿವೆ. ವಿಷಯ ಮಾತ್ರ ಅವಳು ಹೇಳಿದ್ದೇ.

ದೊಡ್ಡವರಿಗೆ ಒಂದಿಷ್ಟು ಲೆಕ್ಕ. ಅಡುಗೆ ಸೋಡಾ ಅಂದ್ರೆ ಸೋಡಿಯಂ ಬೈಕಾರ್ಬನೇಟ್. ಒಂದು ಟೀ ಚಮಚ ಸುಮಾರು 5 ಗ್ರಾಂ ತೂಗುತ್ತೆ. ಅದು ಪೂರ್ತಿ ಪ್ರತಿಕ್ರಿಯಿಸಿದರೆ 1 ಲೀಟರ್‌ಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಆದರೆ ಹಾಗಾಗೋಕೆ ಮೂರು ನಿಂಬೆಹಣ್ಣಿನಷ್ಟು ರಸ ಬೇಕಾಗಬಹುದು. ಪ್ರದರ್ಶನದ ಜ್ವಾಲಾಮುಖಿಗಳ ತಳದಲ್ಲಿ ಬಿಳಿ ಪುಡಿ ಉಳಿದಿರುತ್ತಲ್ಲ, ಅದರ ಗುಟ್ಟು ಇದು.

ಬಂದ ಗ್ಯಾಸ್ ಗಾಳಿಗಿಂತ ಭಾರ. ಒಂದು ಅಗಲ ಬಾಯಿಯ ಜಗ್ಗಿನಲ್ಲಿ ನೊರೆ ಎಬ್ಬಿಸಿ, ನೊರೆ ಇಳಿದ ಮೇಲೆ ದ್ರವ ಚೆಲ್ಲದಂತೆ ಜಗ್ಗನ್ನು ಹಚ್ಚಿಟ್ಟ ದೀಪದ ಮೇಲೆ ಬಗ್ಗಿಸಿ. ಏನೂ ಸುರಿದ ಹಾಗೆ ಕಾಣಲ್ಲ, ದೀಪ ಆರುತ್ತೆ. ಬೆಂಕಿ ಇರೋದ್ರಿಂದ ಇದನ್ನು ಮಾತ್ರ ದೊಡ್ಡವರ ಕೈಯಲ್ಲೇ ಇಟ್ಕೊಳ್ಳಿ.

ಮಾವಿನಕಾಯಿನೋ, ಟೊಮೆಟೊನೋ?

ಶ್ರೀನಿವಾಸಪುರ ಅಂದ್ರೆ ಮಾವು, ಕೋಲಾರ ಎಪಿಎಂಸಿ ಅಂದ್ರೆ ಟೊಮೆಟೊ. ಹುಣಸೆಹಣ್ಣು ಮನೆಯಲ್ಲಿ ಇದ್ದೇ ಇರುತ್ತೆ. ಎಲ್ಲವೂ ಹುಳಿ. ಆದರೆ ಯಾವುದು ಎಷ್ಟು ಹುಳಿ? ನಾಲಿಗೆ ಹೇಳೋದನ್ನ ಬಲೂನ್ ಒಪ್ಪುತ್ತಾ?

ಹುಳಿ ಮಾವಿನಕಾಯಿ ತುರಿದು ಬಟ್ಟೆಯಲ್ಲಿ ಹಿಂಡಿ. ಮಾಗಿದ ಮಾವು, ಟೊಮೆಟೊ, ನೆನೆಸಿದ ಹುಣಸೆಹಣ್ಣು, ಎಲ್ಲದರ ರಸವನ್ನೂ ಶೋಧಿಸಿಕೊಳ್ಳಿ. ಒಂದೇ ಅಳತೆಯ ನಾಲ್ಕು ಖಾಲಿ ನೀರಿನ ಬಾಟಲಿ ತಗೊಂಡು ತಲಾ 50 ಮಿ.ಲೀ. ರಸ ಹಾಕಿ. ನಾಲ್ಕು ಬಲೂನಿಗೆ ತಲಾ ಅರ್ಧ ಟೀ ಚಮಚ ಸೋಡಾ ತುಂಬಿ, ಬಾಟಲಿ ಬಾಯಿಗೆ ಬಲೂನ್ ಸಿಕ್ಕಿಸಿ. ಊಹೆ ಬರೆದಿಟ್ಟ ಮೇಲೆ ಒಂದೊಂದನ್ನೇ ಎತ್ತಿ ಸೋಡಾ ಒಳಗೆ ಬೀಳಿಸಿ. ಬಲೂನಿನ ದಪ್ಪ ಭಾಗಕ್ಕೆ ದಾರ ಸುತ್ತಿ, ಆ ದಾರವನ್ನು ಸ್ಕೇಲಿನ ಮೇಲಿಟ್ಟು ಅಳೆಯಿರಿ.

ಮಾವಿನಕಾಯಿ ಬಲೂನ್ ಚೆನ್ನಾಗಿ ಉಬ್ಬುತ್ತೆ, ಮಾಗಿದ ಹಣ್ಣಿನದು ಸೋತು ನಿಂತಿರುತ್ತೆ. ಅದೇ ಮರ, ಅದೇ ಕೊಂಬೆ, ಎರಡು ಮೂರು ವಾರದ ವ್ಯತ್ಯಾಸ! ಕಾಯಿ ಮಾಗೋವಾಗ ಅದರೊಳಗಿನ ಆಮ್ಲ ಕಡಿಮೆಯಾಗಿ ಸಕ್ಕರೆ ಹೆಚ್ಚುತ್ತೆ ಅನ್ನೋದನ್ನ ಮಗು ದಾರದಲ್ಲಿ ಅಳೆದುಬಿಟ್ಟಿರುತ್ತೆ.

ಇಲ್ಲೊಂದು ಮೋಸ ಇದೆ, ಅದೇ ಈ ಪ್ರಯೋಗದ ಸ್ವಾರಸ್ಯ. ಬಲೂನ್ ಇಲ್ಲದೆ, ಶೋಧಿಸದೇ ಇರೋ ಟೊಮೆಟೊ ರಸಕ್ಕೆ ಲೋಟದಲ್ಲಿ ಸೋಡಾ ಹಾಕಿ ನೋಡಿ. ನೊರೆ ಎತ್ತರಕ್ಕೆ ಬಂದು ಹಾಗೇ ನಿಂತುಬಿಡುತ್ತೆ. ನಿಂಬೆರಸದ ನೊರೆ ಥಟ್ಟನೆ ಎದ್ದು ಥಟ್ಟನೆ ಇಳಿಯುತ್ತೆ. ನೊರೆಯ ಎತ್ತರ ನೋಡಿ ಮಾರ್ಕ್ಸ್ ಕೊಟ್ಟರೆ ಟೊಮೆಟೊ ಗೆದ್ದ ಹಾಗೆ ಕಾಣುತ್ತೆ. ಆದರೆ ಟೊಮೆಟೊದ ತಿರುಳು ಗುಳ್ಳೆಗಳನ್ನು ಹಿಡಿದಿಟ್ಟುಕೊಂಡಿದೆ ಅಷ್ಟೇ, ಗ್ಯಾಸ್ ಕಡಿಮೆಯೇ. ಕಣ್ಣಿಗೆ ದೊಡ್ಡದಾಗಿ ಕಾಣೋದಕ್ಕೂ ನಿಜವಾಗಿ ಹೆಚ್ಚಿರೋದಕ್ಕೂ ವ್ಯತ್ಯಾಸ ಇದೆ ಅಂತ ಹನ್ನೆರಡನೇ ವಯಸ್ಸಿನಲ್ಲಿ ಗೊತ್ತಾದರೆ ಮುಂದೆ ಎಷ್ಟೋ ಜಾಹೀರಾತುಗಳಿಂದ ಬಚಾವಾಗಬಹುದು.

ಗೋಡೆಗೊಂದು ಹನಿ, ಕಲ್ಲಿಗೊಂದು ಹನಿ

ಮೂರನೇದು ಮಕ್ಕಳು ಮನೆಯೆಲ್ಲ ಓಡಾಡಿ ಮಾಡೋ ಪ್ರಯೋಗ. ಒಂದು ಚಿಕ್ಕ ಡ್ರಾಪರ್‌ನಲ್ಲಿ ವಿನೆಗರ್ ಕೊಟ್ಟು, ಯಾವ್ಯಾವುದು ಗುಳ್ಳೆ ಬಿಡುತ್ತೆ ಪಟ್ಟಿ ಮಾಡು ಅಂತ ಬಿಟ್ಟುಬಿಡಿ. ಅಮೃತಶಿಲೆ ನೆಲ, ಗ್ರಾನೈಟ್ ಕಟ್ಟೆ ಬೇಡ, ಕಲೆ ಬಿದ್ದರೆ ಬೈಸಿಕೊಳ್ಳೋದು ನೀವೇ.

ಮಾಲೂರಿನ ಹೆಂಚಿನ ಚೂರಿಗೆ ಹಾಕಿದರೆ ಏನೂ ಆಗಲ್ಲ, ಸುಟ್ಟ ಜೇಡಿಮಣ್ಣು ಸುಮ್ಮನೆ ನೀರು ಕುಡಿಯುತ್ತೆ. ಅಂತರಗಂಗೆ ಬೆಟ್ಟದ ಕಡೆಯಿಂದ ತಂದ ಕಗ್ಗಲ್ಲಿನ ಚೂರೂ ಹಾಗೇ. ಮೊಟ್ಟೆ ಸಿಪ್ಪೆ ಗುಳ್ಳೆ ಬಿಡುತ್ತೆ. ಹಳೇ ಮನೆಯ ಗಾರೆ ಗೋಡೆಯಿಂದ ಉದುರಿದ ಚೂರು ಕೂಡ ಬಿಡುತ್ತೆ. ಹಚ್ಚಿದಾಗ ಅದು ಸುಣ್ಣ. ವರ್ಷಗಟ್ಟಲೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗಿದೆ. ಮುತ್ತಾತನ ಕಾಲದಲ್ಲಿ ಹೀರಿಕೊಂಡ ಗ್ಯಾಸನ್ನ ಮರಿಮಗಳು ಒಂದು ಹನಿ ವಿನೆಗರ್ ಹಾಕಿ ಹೊರಗೆ ಬಿಡ್ತಾಳೆ!

ಸೀಮೆಸುಣ್ಣ ಮತ್ತು ರಂಗೋಲಿ ಪುಡಿ ಪರೀಕ್ಷೆ ಮಾಡಲೇಬೇಕು. ಕೆಲವು ಸೀಮೆಸುಣ್ಣ ಗುಳ್ಳೆ ಬಿಡುತ್ತೆ, ಕೆಲವು ಬಿಡಲ್ಲ. ಬಿಡದೇ ಇರೋದು ಸಾಮಾನ್ಯವಾಗಿ ಜಿಪ್ಸಂ. ಹೆಸರು ಸೀಮೆಸುಣ್ಣ, ಒಳಗೆ ಸುಣ್ಣಕಲ್ಲೇ ಇರಬೇಕು ಅಂತೇನಿಲ್ಲ. ರಂಗೋಲಿ ಪುಡಿ ಯಾವ ಕಲ್ಲಿನದು ಅನ್ನೋದರ ಮೇಲೆ ನಿಂತಿದೆ. ನೆಲ ಅಗೆದು ಕಲ್ಲು ಪರೀಕ್ಷಿಸೋ ಭೂವಿಜ್ಞಾನಿಗಳು ಕೂಡ ಚೀಲದಲ್ಲಿ ಸಾರರಿಕ್ತ ಆಮ್ಲದ ಪುಟ್ಟ ಬಾಟಲಿ ಇಟ್ಕೊಂಡು ಸುಣ್ಣಕಲ್ಲನ್ನ ಗುರುತಿಸೋದು ಇದೇ ರೀತಿ.

ಇನ್ನು ನಮ್ಮ ಜಿಲ್ಲೆಯ ವಿಶೇಷ. ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಊರುಗಳು ನಮ್ಮವು, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳೇ ಎಷ್ಟೋ ಕಡೆ ಗತಿ. ನೀರು ಕಾಯಿಸೋ ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದನ್ನ ನೋಡಿರ್ತೀರಿ. ಅದನ್ನು ಸ್ವಲ್ಪ ಕೆರೆದು ಬೆಚ್ಚಗಿನ ವಿನೆಗರ್‌ಗೆ ಹಾಕಿ. ಗುಳ್ಳೆಯೋ ಗುಳ್ಳೆ. ಗಡಸು ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ ಕಾಯಿಸಿದಾಗ ಕಲ್ಲಾಗಿ ಕೂತಿದೆ, ಆಮ್ಲ ಸಿಕ್ಕಿದ ಕೂಡಲೇ ಕರಗುತ್ತಿದೆ. ಅಜ್ಜಿ ಹುಣಸೆಹಣ್ಣಿನಲ್ಲಿ ಪಾತ್ರೆ ತಿಕ್ಕೋದು ಯಾಕೆ ಅಂತ ಆವತ್ತು ಹುಡುಗಿ ಯಾರನ್ನೂ ಕೇಳಬೇಕಾಗಲಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಗುಳ್ಳೆ ತೋರಿಸೋದು ಗಡಸುತನವನ್ನು ಮಾತ್ರ. ಕೋಲಾರದ ಅಂತರ್ಜಲದ ಇನ್ನೊಂದು ತೊಂದರೆ ಫ್ಲೋರೈಡ್. ಅದು ಗುಳ್ಳೆ ಬಿಡಲ್ಲ, ಬಣ್ಣ ಇಲ್ಲ, ಕುದಿಸಿದರೂ ಹೋಗಲ್ಲ. ಅದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು. ಒಂದು ಪ್ರಯೋಗ ಏನು ಹೇಳುತ್ತೆ ಅನ್ನೋದರ ಜೊತೆಗೆ ಏನು ಹೇಳಲ್ಲ ಅನ್ನೋದನ್ನೂ ಮಕ್ಕಳಿಗೆ ಹೇಳಿಕೊಡೋಣ.

ಮುಳಬಾಗಿಲು ದೋಸೆಯ ನಿಧಾನದ ನೊರೆ

ಬುಸ್ ಅನ್ನದೆ, ರಾತ್ರಿಯೆಲ್ಲ ಗುಳ್ಳೆ ಬಿಡೋದೂ ಒಂದಿದೆ. ಮುಳಬಾಗಿಲು ದೋಸೆ ತಿಂದವರಿಗೆ ಅದರ ಮೈತುಂಬ ಇರೋ ತೂತುಗಳು ಗೊತ್ತು. ಆ ತೂತು ಮಾಡೋದೂ ಇದೇ ಕಾರ್ಬನ್ ಡೈಆಕ್ಸೈಡ್. ಅಕ್ಕಿ, ಉದ್ದಿನಬೇಳೆ ರುಬ್ಬಿಟ್ಟಾಗ ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಹಿಟ್ಟಿನ ಸಕ್ಕರೆ ತಿಂದು ಆಮ್ಲವನ್ನೂ ಗ್ಯಾಸನ್ನೂ ಬಿಡುತ್ತೆ. ಆಮ್ಲದಿಂದ ಹುಳಿ, ಗ್ಯಾಸಿನಿಂದ ಉಬ್ಬು.

ಆಗ ತಾನೇ ರುಬ್ಬಿದ ಹಿಟ್ಟನ್ನು ಎರಡು ಬಾಟಲಿಗೆ ಕಾಲು ಭಾಗ ಮಾತ್ರ ಹಾಕಿ ಬಾಯಿಗೆ ಬಲೂನ್ ಸಿಕ್ಕಿಸಿ. ಮುಚ್ಚಳ ಬಿಗಿಯಬೇಡಿ, ಒತ್ತಡ ಹೆಚ್ಚಿದರೆ ಸಿಡಿಯುತ್ತೆ. ಒಂದನ್ನು ಅಡುಗೆಮನೆ ಕಟ್ಟೆ ಮೇಲೆ, ಇನ್ನೊಂದನ್ನು ಫ್ರಿಜ್‌ನಲ್ಲಿ ಇಡಿ. ಬೆಳಿಗ್ಗೆ ಒಂದು ಬಲೂನ್ ಎದ್ದು ಕೂತಿರುತ್ತೆ, ಇನ್ನೊಂದು ಮಲಗಿರುತ್ತೆ. ಬದಲಾದದ್ದು ಉಷ್ಣಾಂಶ ಒಂದೇ. ಚಳಿಗಾಲದಲ್ಲಿ ಹಿಟ್ಟು ಹುದುಗಲ್ಲ ಅಂತ ಅಜ್ಜಿ ಪಾತ್ರೆಗೆ ಟವಲ್ ಸುತ್ತೋದು ಇದಕ್ಕೇ.

ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಕೂಡ ಹುದುಗಿನಿಂದಲೇ ಶುರು ಮಾಡಿದ್ದು. ಮನೆ ಪಕ್ಕದ ಬಿಯರ್ ತಯಾರಿಕೆಯ ತೊಟ್ಟಿಗಳ ಮೇಲೆ ನಿಲ್ಲೋ ಗ್ಯಾಸನ್ನು ನೀರಿಗೆ ಬೆರೆಸಿ ನೋಡಿದ, 1772ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದ. ಸೋಡಾ ನೀರಿನ ಕಥೆ ಅಲ್ಲಿಂದ ಬಂದದ್ದು. ಬಾಟಲಿಯ ಬಾಯಿಗೆ ಗೋಲಿ ಇಟ್ಟು, ಒಳಗಿನ ಗ್ಯಾಸಿನ ಒತ್ತಡದಿಂದಲೇ ಮುಚ್ಚೋ ಉಪಾಯ 1870ರ ದಶಕದಲ್ಲಿ ಹೈರಮ್ ಕಾಡ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಮಾಡಿದ್ದು. ಮುಂದಿನ ಸಲ ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿಯೋವಾಗ ಮಗುಗೆ ಕೇಳಿ: ಗೋಲಿನ ಮೇಲಕ್ಕೆ ಒತ್ತಿ ಹಿಡಿದಿರೋದು ಯಾರು?

ಸದ್ದು ಮಾಡದ ಪ್ರತಿಕ್ರಿಯೆ

ನೋಟ್‌ಬುಕ್‌ನ ಆ ವಾಕ್ಯಕ್ಕೆ ವಾಪಸ್ ಬರೋಣ. ಆಮ್ಲ, ಪ್ರತ್ಯಾಮ್ಲ, ಲವಣ, ನೀರು. ಅದರಲ್ಲಿ ಗ್ಯಾಸ್ ಎಲ್ಲಿದೆ? ನಮ್ಮ ಹುಡುಗಿ ಮೂರನೇ ದಿನ ತಾನಾಗಿ ಕೇಳಿದ ಪ್ರಶ್ನೆ ಇದು. ಒಳ್ಳೆ ಪ್ರಶ್ನೆ. ಕಾರ್ಬನೇಟ್ ಅಥವಾ ಬೈಕಾರ್ಬನೇಟ್ ಇದ್ದರೆ ಮಾತ್ರ ಈ ಗ್ಯಾಸು. ಎಲ್ಲ ಪ್ರತಿಕ್ರಿಯೆಯೂ ಬುಸ್ ಅನ್ನಲ್ಲ.

ಅರಿಶಿನದ ನೀರಿಗೆ ಮೈಸೋಪು ಕರಗಿಸಿದ ನೀರು ಹಾಕಿ, ಕೆಂಪಗಾಗುತ್ತೆ. ನಿಂಬೆ ಹಿಂಡುತ್ತಾ ಹೋಗಿ, ಮತ್ತೆ ಹಳದಿ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿದಾಗ ಆಗೋದೂ ಇದೇ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದಕ್ಕೇ ಮಕ್ಕಳಿಗೆ ಸೋಪು ಸಾಕು. ಬಣ್ಣ ಬದಲಾಗೋದನ್ನ ಕೈಯಾರೆ ಮಾಡಿದ ಮಗುಗೆ, ಯಾರಾದರೂ ಅರಿಶಿನದ ನೀರನ್ನ ರಕ್ತ ಮಾಡಿ ತೋರಿಸಿದರೆ ಹೆದರಿಕೆ ಆಗಲ್ಲ, ನಗು ಬರುತ್ತೆ.

ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಮಾಡಿದ್ದು ಈ ಕೆಲಸವನ್ನೇ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿಯನ್ನೇ ಮಾಡಿದರು. ಕೆಜಿಎಫ್ ದಾಟಿ ಗಡಿಯಾಚೆ ಹೋದರೆ ಸಿಗೋ ಕುಪ್ಪಂನಲ್ಲಿ, 1999ರಲ್ಲಿ ಶುರುವಾದ ಅಗಸ್ತ್ಯ ಫೌಂಡೇಷನ್ನಿನ ಕ್ಯಾಂಪಸ್ ಇದೆ. ಅವರ ಸಂಚಾರಿ ಪ್ರಯೋಗಾಲಯದ ಗಾಡಿಗಳು ಸರ್ಕಾರಿ ಶಾಲೆಗಳಿಗೆ ಹೋಗಿ, ಕಡಿಮೆ ಖರ್ಚಿನ ಸಾಮಾನಿನಲ್ಲೇ ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸುತ್ತವೆ. ನಿಮ್ಮೂರಿನ ಶಾಲೆಗೆ ಅಂಥ ಗಾಡಿ ಬರದಿದ್ದರೂ ನಿಮ್ಮ ಅಡುಗೆಮನೆ ಇದೆ.

ಮಾಡಲೇಬಾರದ ಪ್ರಯೋಗ

ನೀರು ಹಾಕಿದರೆ ಬುಸ್ ಅನ್ನೋ ಇನ್ನೊಂದು ವಸ್ತು ಕಾರ್ಬೈಡ್. ಮಾವು ಹಣ್ಣು ಮಾಡೋಕೆ ಅದನ್ನು ಬಳಸೋದು ಆಹಾರ ಸುರಕ್ಷತೆಯ 2011ರ ನಿಯಮಗಳ ಪ್ರಕಾರ ನಿಷೇಧ. ಆದರೂ ಮಾವಿನ ಸೀಮೆಯ ಮಕ್ಕಳ ಕಿವಿಗೆ ಆ ಹೆಸರು ಬಿದ್ದಿರುತ್ತೆ. ಅದರಿಂದ ಬರೋದು ಅಸಿಟಿಲೀನ್, ಬೆಂಕಿ ತಾಗಿದರೆ ಸ್ಫೋಟಿಸೋ ಅನಿಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಕಾರ್ಬೈಡ್ ಗನ್ ಅನ್ನೋ ಆಟಿಕೆಯಿಂದ ಎಷ್ಟೋ ಮಕ್ಕಳ ಕಣ್ಣಿಗೆ ಗಾಯವಾಯ್ತು. ರೀಲ್ಸ್ ನೋಡಿ ಮಕ್ಕಳು ಕೇಳೋ ಮುಂಚೆ ನೀವೇ ಹೇಳಿಬಿಡಿ.

ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಮುಟ್ಟೋದೇ ಬೇಡ. ಅವೆರಡು ಸೇರಿದರೆ ವಿಷಕಾರಿ ಕ್ಲೋರಿನ್ ಬರುತ್ತೆ. ಅಡುಗೆ ಸೋಡಾ ಬದಲು ವಾಷಿಂಗ್ ಸೋಡಾ ಬಳಸಬೇಡಿ. ಯಾವ ನೊರೆಗೂ ಬಿಗಿ ಮುಚ್ಚಳ ಬೇಡ. ಕಣ್ಣಿಗೆ ಕನ್ನಡಕ ಇರಲಿ. ನಿಂಬೆರಸ, ವಿನೆಗರ್ ಕಣ್ಣಿಗೆ ಹಾರಿದರೆ ತಕ್ಷಣ ತುಂಬಾ ನೀರಿನಲ್ಲಿ ತೊಳೆಯಿರಿ, ಉರಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಪ್ರಯೋಗದ ರಸ ಕುಡಿಯೋ ಹಾಗಿಲ್ಲ.

ಈ ಭಾನುವಾರ ಅರ್ಧ ಗಂಟೆ ಸಿಕ್ಕರೆ ಮೊದಲನೇ ಪ್ರಯೋಗ ಒಂದನ್ನೇ ಮಾಡಿ. ಎರಡು ನಿಂಬೆಹಣ್ಣು, ಹತ್ತು ರೂಪಾಯಿ ಸೋಡಾ ಪ್ಯಾಕೆಟ್ಟು, ಒಂದು ಲೋಟ, ಎರಡು ಬಟ್ಟಲು. ನೊರೆ ಉಕ್ಕೋವಾಗ ವಿಡಿಯೋ ಬೇಕಾದರೆ ತೆಗೀರಿ. ನೊರೆ ನಿಂತ ಮೇಲೆ ಮೊಬೈಲ್ ಕೆಳಗಿಟ್ಟು, "ಯಾಕೆ ನಿಂತಿತು?" ಅಂತ ಕೇಳಿ. ಮಗು ಹೇಳೋ ಉತ್ತರ ತಪ್ಪಿದ್ದರೂ ತಿದ್ದೋಕೆ ಹೋಗಬೇಡಿ. "ಸರಿ, ಹೆಂಗೆ ಗೊತ್ತು ಮಾಡ್ಕೊಳ್ಳೋಣ?" ಅನ್ನಿ. ಮುಂದಿನದನ್ನ ಮಗು ನೋಡ್ಕೊಳ್ಳುತ್ತೆ.